ನನ್ನ ಹೆಸರಿನ ಆರು ಸಿಮ್ಮುಗಳು

ನನಗೆ ಆಗ ಐವತ್ತನಾಲ್ಕು. ಇಪ್ಪತ್ತು ವರ್ಷದ ಹಿಂದಿನ ಮಾತು, ಒಂದು ವರ್ಷ ಆಚೀಚೆ ಇರಬಹುದು. ಆ ಭಾನುವಾರ ಹಿರಿಯಡ್ಕದ ನಮ್ಮ ಮನೆಯಂಗಳದಲ್ಲಿ ಕೂತು ಬಂಗುಡೆ ಮೀನು ಕೊಯ್ಯುತ್ತಿದ್ದೆ. ಕಾರ್ಕಳದಿಂದ ಒಬ್ಬ ಪೊಲೀಸಿನವನು ಬೈಕಿನಲ್ಲಿ ಬಂದ. ನನ್ನ ಹೆಸರು ಹೇಳಿ, ಇದು ನೀವೆಯಾ ಎಂದು ಕೇಳಿದ. ಹೌದು ಎಂದೆ. ನಿಮ್ಮ ಮೊಬೈಲ್ ತನ್ನಿ ಎಂದ. ನನ್ನ ಹತ್ತಿರ ಮೊಬೈಲೇ ಇಲ್ಲ ಎಂದೆ. ಅವನು ಜೇಬಿನಿಂದ ಒಂದು ಚೀಟಿ ತೆಗೆದ.

"ಒಂದಲ್ಲ, ಆರು ಉಂಟು ನಿಮ್ಮ ಹೆಸರಿನಲ್ಲಿ. ಅದರಲ್ಲಿ ಒಂದರಿಂದ ಕಾರ್ಕಳದ ಒಂದು ಹೆಂಗಸಿಗೆ ಗಂಟೆಗೊಂದು ಮೆಸೇಜು ಹೋಗ್ತದೆ. ಹಗಲಿಲ್ಲ, ರಾತ್ರಿಯಿಲ್ಲ. ಮನೆಯಲ್ಲಿ ಗಂಡಸರು ಯಾರಿದ್ದಾರೆ?"

ಗಂಡಸರು ಯಾರೂ ಇರಲಿಲ್ಲ. ಗಂಡ ಸತ್ತು ಒಂಬತ್ತು ವರ್ಷವಾಗಿತ್ತು. ಇದ್ದ ಒಬ್ಬಳು ಮಗಳನ್ನು ಮದುವೆ ಮಾಡಿ ಕೊಟ್ಟಾಗಿತ್ತು. ಹಾಗೆಂದು ಹೇಳಿದರೂ ಅವನು ಒಳಗೆ ಇಣುಕಿ ನೋಡಿದ. ಬೇಲಿಯಾಚೆ ನೆರೆಮನೆಯವಳು ಬಟ್ಟೆ ಒಣಹಾಕುತ್ತಿದ್ದಳು. ಒಂದೇ ಸೀರೆಯನ್ನು ಮೂರು ಸಲ ಕೊಡವಿದಳು. ನಾಳೆ ಹತ್ತು ಗಂಟೆಗೆ ಠಾಣೆಗೆ ಬರಬೇಕು, ಬಾರದಿದ್ದರೆ ಕೇಸು ನಿಮ್ಮ ಹೆಸರಿಗೇ ಆಗುತ್ತದೆ ಎಂದು ಚೀಟಿಯನ್ನು ನನ್ನ ಕೈಗೆ ಕೊಟ್ಟು ಹೋದ. ಸಂಜೆಯೊಳಗೆ ಅಂಗಡಿಯವನಿಗೂ ಗೊತ್ತಾಗಿತ್ತು. ಸಮುದ್ರದ ಬದಿಯ ಎರ್ಮಾಳಿನಲ್ಲಿ ಹುಟ್ಟಿ, ತಲೆಯ ಮೇಲೆ ಮೀನು ಹೊತ್ತು ಮಾರಿ, ಯಾರ ಬಾಯಿಂದಲೂ ಒಂದು ಮಾತು ಕೇಳದೆ ಬದುಕಿದವಳು ನಾನು. ಈ ವಯಸ್ಸಿಗೆ ಯಾರದೋ ಹೆಂಡತಿಗೆ ಮೆಸೇಜು ಕಳಿಸುವವಳಾದೆ.

ಆ ಆರು ಎಲ್ಲಿಂದ ಬಂತೆಂದು ನನಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಾನು ಆಗ ಮಣಿಪಾಲದ ಒಂದು ಸಣ್ಣ ಕಂಪೆನಿಯಲ್ಲಿ ನೆಲ ಒರೆಸಿ ಚಹಾ ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಬಾಡಿಗೆ ಮನೆಯ ಮಹಡಿ, ಏಳು ಜನ ಇಂಜಿನಿಯರುಗಳು. ಅವರು ಮಾಡುತ್ತಿದ್ದದ್ದು ವಯರಿಲ್ಲದೆ ಮಾತಾಡುವ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮೊಬೈಲಿನ ಸಿಮ್ಮು ಇರುತ್ತದೆ. ಅದನ್ನು ಐಸಿನ ಫ್ಯಾಕ್ಟರಿಯಲ್ಲಿಟ್ಟರೆ ಒಳಗೆ ತಂಪು ಎಷ್ಟುಂಟು ಎಂದು ಫ್ಯಾಕ್ಟರಿಯ ಧನಿಯ ಮೊಬೈಲಿಗೆ ತಾನೇ ಬರೆದು ಕಳಿಸುತ್ತದೆ. ಮನುಷ್ಯ ಬೇಡ. ಮೇಜಿನ ಮೇಲೆ ಮುಚ್ಚಳವಿಲ್ಲದ ಒಂದು ಹಸಿರು ಹಲಗೆ ಮಲಗಿರುತ್ತಿತ್ತು, ಅದಕ್ಕೆ ಕಿಟ್ ಎನ್ನುತ್ತಿದ್ದರು. ಪೆಟ್ಟಿಗೆಗೆ ಏನು ಕಲಿಸಬೇಕೋ ಅದನ್ನು ಮೊದಲು ಕಿಟ್ಟಿಗೆ ಕಲಿಸಿ ನೋಡುವುದು, ಸರಿಯಾದ ಮೇಲೆ ಕೇಬಲ್ ಚುಚ್ಚಿ ಪೆಟ್ಟಿಗೆಗೆ ತುಂಬುವುದು. ಅದರ ಹತ್ತಿರ ಒದ್ದೆ ಬಟ್ಟೆ ತರಬಾರದೆಂದು ನನಗೆ ದಿನಾ ಪಾಠ. ನನ್ನ ಫ್ರಿಜ್ಜಿಗೆ ಮಾತ್ರ ಯಾವ ಮರ್ಯಾದೆಯೂ ಇರಲಿಲ್ಲ. ಹಾಲಿನ ಪ್ಯಾಕೇಟಿನ ನಡುವೆ ಕಿಟ್ಟಿನ ವಯರು ತೂರಿಸಿದ್ದರು. ನಾನು ಹಾಲಿಗೆಂದು ಬಾಗಿಲು ತೆಗೆದರೆ ಹೊರಗಿನಿಂದ, "ಅಮ್ಮಾ, ಬೇಗ ಮುಚ್ಚಿ, ಟೆಂಪರೇಚರ್ ಏರ್ತಾ ಇದೆ" ಎಂದು ಕೂಗು. ಬಾಗಿಲು ತೆಗೆಯದೆ ಚಹಾ ಹೇಗೆ ಮಾಡುವುದು? ಅದನ್ನು ಅವರು ಕಲಿತಿರಲಿಲ್ಲ.

ಅವರಲ್ಲಿ ಹಿರಿಯವನು ಘಟ್ಟದ ಮೇಲಿನವನು. ಒಂದು ದಿನ ನನ್ನ ರೇಷನ್ ಕಾರ್ಡ್ ಕೇಳಿದ, ಆಫೀಸಿನ ಪೇಪರಿಗೆ ಬೇಕು ಎಂದ. ಸಿಮ್ಮು ತೆಗೆಯಲು ಏಳು ಜನರಲ್ಲಿ ಒಬ್ಬನಿಗೂ ಈ ಊರಿನ ವಿಳಾಸವಿಲ್ಲ, ಕಂಪೆನಿಯ ರಿಜಿಸ್ಟ್ರಿ ಕಾಗದ ಇನ್ನೂ ಬಂದಿರಲಿಲ್ಲ. ಅದನ್ನು ನನಗೆ ಹೇಳಲಿಲ್ಲ. ಕಾರ್ಡು ಕೊಟ್ಟೆ, ಫೋಟೋ ಕೊಟ್ಟೆ. ನಾಲ್ಕನೇ ಕ್ಲಾಸು ಓದಿದವಳು, ಹೆಬ್ಬೆಟ್ಟು ಒತ್ತುವವಳಲ್ಲ. ಅವನು ತೋರಿಸಿದಲ್ಲೆಲ್ಲ ದೊಡ್ಡ ಅಕ್ಷರದಲ್ಲಿ ಹೆಸರು ಬರೆದೆ. ಎಂತ ಪೇಪರೆಂದು ಕೇಳಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ಉಳಿದದ್ದು ಯಾವುದೂ ನನ್ನದಲ್ಲ.

ಸೋಮವಾರ ಮೊದಲ ಬಸ್ಸಿಗೆ ಮಣಿಪಾಲಕ್ಕೆ ಹೋಗಿ ಬಾಗಿಲಲ್ಲಿ ನಿಂತೆ. ಆ ಹಿರಿಯ ಇಂಜಿನಿಯರು ಎಂಟು ಗಂಟೆಗೆ ಬಂದ. ಚೀಟಿ ತೋರಿಸಿದೆ. ಅವನು ನಂಬರುಗಳನ್ನು ನೋಡಿ ನಕ್ಕ. ಹಲ್ಲು ಬಿಟ್ಟು ನಕ್ಕ. ಅವು ಪೆಟ್ಟಿಗೆಗಳ ಸಿಮ್ಮಂತೆ. ಮೆಸೇಜು ಕಳಿಸುತ್ತಿದ್ದದ್ದು ಕಾಪುವಿನ ಐಸ್ ಫ್ಯಾಕ್ಟರಿಗೆ ಹಾಕಿದ ಪೆಟ್ಟಿಗೆ. ಕಿಟ್ಟಿನಲ್ಲಿ ಪರೀಕ್ಷೆ ಮಾಡುವಾಗ ಧನಿಯ ನಂಬರಿನ ಕೆಳಗೆ ಎರಡನೆಯದೊಂದು ನಂಬರು ಬೇಕಾಗಿತ್ತು, ಬೆರಳಿಗೆ ಬಂದ ಹತ್ತು ಅಂಕೆ ಒತ್ತಿದ್ದ. ಪೆಟ್ಟಿಗೆ ಹೊರಗೆ ಕಳಿಸುವಾಗ ಅಳಿಸಬೇಕಿತ್ತು, ಅಳಿಸಲಿಲ್ಲ. ಆ ಹತ್ತು ಅಂಕೆಯ ಹಿಂದೆ ಯಾರೋ ಒಬ್ಬ ಮನುಷ್ಯ ಇರಬಹುದೆಂದು ಅಷ್ಟು ಓದಿದವನಿಗೆ ತೋರಲೇ ಇಲ್ಲ.

ಹಾಗಾದರೆ ಈಗಲೇ ಅಳಿಸು ಎಂದೆ.

"ಆಗಲ್ಲಮ್ಮ. ಕಾಪುಗೆ ಹೋಗಿ ಕಿಟ್ಟಿಂದ ಕೇಬಲ್ ಹಾಕಿನೇ ಬದಲಾಯಿಸಬೇಕು. ಇರೋದು ಒಂದೇ ಕಿಟ್ಟು. ಶುಕ್ರವಾರ ದುಡ್ಡು ಹಾಕೋ ದೊಡ್ಡವರು ನೋಡೋಕೆ ಬರ್ತಾರೆ, ಅಲ್ಲೀವರೆಗೂ ಅದನ್ನ ಅಲ್ಲಾಡಿಸೋ ಹಾಗಿಲ್ಲ."

ಠಾಣೆಗಾದರೂ ಬಂದು ಇದನ್ನೇ ಹೇಳು ಎಂದೆ. ಕಂಪೆನಿ ಹೆಸರು ಪೊಲೀಸ್ ಪುಸ್ತಕದಲ್ಲಿ ಬರಬಾರದು, ಶುಕ್ರವಾರ ಕಳೆಯಲಿ ಎಂದ. ನನ್ನ ಹೆಸರು ಬರಬಹುದು. ಅದಕ್ಕೇನೂ ಅಡ್ಡಿಯಿಲ್ಲ.

ಒಬ್ಬಳೇ ಕಾರ್ಕಳಕ್ಕೆ ಹೋದೆ. ಠಾಣೆಯ ಬೆಂಚಿನಲ್ಲಿ ಆ ಹೆಂಗಸು ಕೂತಿದ್ದಳು. ಮೂವತ್ತರ ಒಳಗಿನವಳು, ಮನೆಯಲ್ಲಿ ರವಿಕೆ ಹೊಲಿಯುವವಳು. ಗಿರಾಕಿಗಳೆಲ್ಲ ಬರುವುದು ಫೋನಿನಿಂದ. ಆ ಫೋನು ಈಗ ಪಕ್ಕದಲ್ಲಿ ನಿಂತಿದ್ದ ಗಂಡನ ಜೇಬಿನಲ್ಲಿತ್ತು. ಅವನೇ ತೆಗೆದು ಮೆಸೇಜು ತೋರಿಸಿದ. ಬರೀ ಅಂಕೆ. ಕಳೆಯುವ ಗುರುತು ಹಾಕಿ ಎಂಟು, ಒಂಬತ್ತು, ಮತ್ತೆ ಎಂಟು. ಇದು ಯಾರೋ ಗಂಡಸು ಕಟ್ಟಿದ ಗುಟ್ಟಿನ ಲೆಕ್ಕವೆಂದು ಅವನ ತಲೆಯಲ್ಲಿ ಕೂತಿತ್ತು. ಐಸಿನ ತಂಪಿನ ಲೆಕ್ಕ ಮಾರಾಯ, ಕಳಿಸುವುದು ಯಂತ್ರ ಎಂದು ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಂತ್ರಕ್ಕೆ ನನ್ನ ಹೆಂಡತಿಯ ನಂಬರ್ ಕೊಟ್ಟದ್ದು ಯಾರು?"

ನಾನು ನಿಜವನ್ನೇ ಹೇಳಿದೆ, ಯಾರೂ ಕೊಡಲಿಲ್ಲ, ಸುಮ್ಮನೆ ಒತ್ತಿದ್ದು ಎಂದು. ಹೇಳುವಾಗ ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿತು. ಠಾಣೆಯವರೂ ನಂಬಲಿಲ್ಲ. ಮಾಡಿದವನು ಬಂದು ಬರೆದುಕೊಡಲಿ, ಮೂರು ದಿನ ಕೊಡುತ್ತೇವೆ, ಇಲ್ಲವಾದರೆ ನೀವೇ ಎಂದರು. ಹೊರಗೆ ಬರುವಾಗ ಆ ಹೆಂಗಸು ಮೆಲ್ಲಗೆ, "ಅವರನ್ನು ಹೇಗಾದರೂ ಕರ್ಕೊಂಡು ಬನ್ನಿ ಅಮ್ಮ. ನನ್ನ ಮಾತು ಮನೆಯಲ್ಲಿ ನಡೆಯುದಿಲ್ಲ" ಎಂದು ಅತ್ತಳು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಒಬ್ಬನ ಬೆರಳು ಸುಮ್ಮನೆ ಆಡಿದ್ದಕ್ಕೆ ಇಬ್ಬರು ಹೆಂಗಸರು ಠಾಣೆಯ ಮೆಟ್ಟಿಲು ಹತ್ತಬೇಕು. ಅವನು ಮಾತ್ರ ಮಣಿಪಾಲದಲ್ಲಿ ಫ್ಯಾನಿನ ಕೆಳಗೆ.

ಠಾಣೆಯಿಂದ ನೆಟ್ಟಗೆ ಆ ಸಿಮ್ಮಿನ ಕಂಪೆನಿಯ ಅಂಗಡಿಗೆ ನಡೆದೆ. ರೇಷನ್ ಕಾರ್ಡು ಚೀಲದಲ್ಲೇ ಇತ್ತು. ಚೀಟಿ ಮುಂದಿಟ್ಟು, ಈ ಆರೂ ನನ್ನ ಹೆಸರಿನಲ್ಲಿವೆ, ಆರನ್ನೂ ನಿಲ್ಲಿಸಿ ಎಂದೆ. ಅಂಗಡಿಯ ಹುಡುಗಿ ಕಂಪ್ಯೂಟರ್ ನೋಡಿ, "ಎಲ್ಲಾ ಚಾಲ್ತಿಯಲ್ಲಿ ಉಂಟಲ್ಲ ಅಮ್ಮ, ಯಾಕೆ ನಿಲ್ಲಿಸುದು?" ಎಂದಳು. ನನ್ನದು ನನಗೆ ಬೇಡ ಎಂದೆ. ಈ ಸಲ ಫಾರಮ್ಮಿನಲ್ಲಿ ಎಂತ ಬರೆದುಂಟೆಂದು ಅವಳಿಂದ ಪೂರ್ತಿ ಓದಿಸಿ, ಆಮೇಲೆ ಸಹಿ ಹಾಕಿದೆ. ಊಟದ ಹೊತ್ತಿಗೆ ಆರೂ ಸತ್ತವು.

ನಾಲ್ಕು ಗಂಟೆಗೆ ಆ ಇಂಜಿನಿಯರು ರಿಕ್ಷಾದಲ್ಲಿ ಹಿರಿಯಡ್ಕಕ್ಕೆ ಬಂದ. ಕೈಯಲ್ಲಿ ಹೊಸ ಫಾರಂ. ನಗು ಇರಲಿಲ್ಲ. ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಮೂಕವಾಗಿದ್ದವು, ಶುಕ್ರವಾರ ತೋರಿಸಬೇಕಾದದ್ದೂ ಸೇರಿ. ಇದಕ್ಕೆ ಸಹಿ ಹಾಕಿದರೆ ಮತ್ತೆ ಶುರುವಾಗುತ್ತದೆ ಎಂದ. ನಾನು ಫಾರಂ ಮುಟ್ಟಲಿಲ್ಲ. ಆಗ ಅವನು ಮೀನಿನ ವಿಷಯ ತೆಗೆದ. ಕಾಪುವಿನಲ್ಲಿ ಐಸ್ ಕರಗಿದರೆ ಧನಿಗೆ ಗೊತ್ತಾಗುವುದಿಲ್ಲ, ನಿಮ್ಮ ಎರ್ಮಾಳಿನವರ ಮೀನೇ ಹಾಳಾಗುವುದು ಎಂದ. ಐಸಿನ ವಿಷಯ ನನಗೆ ಹೇಳಲು ಬಂದ! ತಂಪು ಇಳಿಯಿತೋ ಏರಿತೋ ಎಂದು ಪೈಪಿನ ಮೇಲೆ ಕೂತ ಹಿಮ ನೋಡಿ ಹೇಳುವವರ ನಡುವೆ ಬೆಳೆದವಳು ನಾನು.

"ನಿನ್ನ ಪೆಟ್ಟಿಗೆ ಬರುವ ಮೊದಲು ಅಲ್ಲಿ ಒಬ್ಬ ಮನುಷ್ಯ ಕೂತಿದ್ದ ಅಲ್ವಾ? ಅವನನ್ನೇ ಕೂರಿಸಿ," ಎಂದೆ. "ನಾನು ಸಹಿ ಹಾಕುದಿಲ್ಲ. ಸಿಮ್ಮು ಬೇಕಾದರೆ ನಿನ್ನ ಅಪ್ಪನ ಹೆಸರಿನಲ್ಲಿ ತೆಗೆದುಕೊ. ನಾಳೆ ಏಳು ಗಂಟೆಯ ಬಸ್ಸಿನಲ್ಲಿ ನನ್ನ ಜೊತೆ ಕಾರ್ಕಳಕ್ಕೆ ಬರಬೇಕು. ಬಾರದಿದ್ದರೆ ಶುಕ್ರವಾರ ದೊಡ್ಡವರಿಗೆ ಚಹಾ ತರುವವಳು ನಾನೇ ಅಲ್ವಾ? ಕಪ್ಪಿನ ಜೊತೆ ಪೊಲೀಸರ ಚೀಟಿಯನ್ನೂ ಇಡುತ್ತೇನೆ."

ಬೇಲಿಯಾಚೆ ಸೀರೆ ಕೊಡವುವ ಸದ್ದು ನಿಂತಿತ್ತು. ಕೇಳಲಿ ಎಂದು ನಾನೂ ಗಟ್ಟಿಯಾಗಿಯೇ ಹೇಳಿದ್ದೆ. ಕೆಲಸದಿಂದ ತೆಗೆಯುತ್ತಾರೆ ಎಂದು ಅವನು ಗೊಣಗಿದ. ತೆಗೆಯಲಿ ಎಂದೆ. ನೆಲ ಇರುವಲ್ಲೆಲ್ಲ ಒರೆಸುವವರು ಬೇಕಾಗುತ್ತದೆ.

ಮರುದಿನ ಬೆಳಿಗ್ಗೆ ಮಣಿಪಾಲದ ಕಡೆಯಿಂದ ಬಸ್ಸು ಬಂದಾಗ ಅವನು ಕಿಟಕಿಯ ಹತ್ತಿರ ತಲೆ ತಗ್ಗಿಸಿ ಕೂತಿದ್ದ. ಮೊದಲು ಠಾಣೆಗೆ ಕರೆದುಕೊಂಡು ಹೋದೆ. ಮಾಡಿದ್ದೆಲ್ಲ ಬರೆದು ಸಹಿ ಹಾಕಿದ. ಬರೆದದ್ದನ್ನು ಗಟ್ಟಿಯಾಗಿ ಓದು ಎಂದೆ, ಓದಿದ. ನನ್ನ ಹೆಸರು ಕೈಬಿಟ್ಟರು. ಅಲ್ಲಿಂದ ಹೊಲಿಯುವವಳ ಮನೆಗೆ ನಡೆದೆವು. ಗಂಡನನ್ನು ಅಂಗಳಕ್ಕೆ ಕರೆದು, ನಂಬರ್ ಒತ್ತಿದವನು ಇವನು, ಕೇಳಿ ಎಂದೆ. ಇಂಜಿನಿಯರು ಅರ್ಧ ಇಂಗ್ಲಿಷಿನಲ್ಲಿ ಶುರುಮಾಡಿದ. ಅದು ಬೇಡ, ಕನ್ನಡದಲ್ಲಿ ಹೇಳು, ಮೊದಲಿಂದ ಹೇಳು ಎಂದೆ. ಎರಡನೆಯ ಸಲ ಹೇಳುವಾಗ ಆಚೀಚೆಯ ಎರಡು ಮನೆಯವರೂ ಬಂದು ನಿಂತಿದ್ದರು. ಹೇಳಿ ಮುಗಿಸಿದ. ಗಂಡ ತೆಂಗಿನ ಮರ ನೋಡುತ್ತ ನಿಂತ. "ಈಗ ಅವಳ ಫೋನು ಕೊಡಿ" ಎಂದೆ. ಆಮೇಲೆ ಕೊಡುತ್ತೇನೆ ಎಂದ. ನನಗೇನೂ ಅವಸರ ಇಲ್ಲ ಎಂದು ಅವನ ಮೆಟ್ಟಿಲಿನ ಮೇಲೆ ಕೂತೆ. ಅವನು ಜೇಬಿಗೆ ಕೈಹಾಕಿ ಫೋನು ತೆಗೆದು ಅವಳ ಕೈಗಿಡುವವರೆಗೆ ಅಲ್ಲಿಂದ ಏಳಲಿಲ್ಲ.