ಹಿಂದಿನ ಸಾಲಿನ ಸಿಪಾಯಿ

ತಿರುಮಕೂಡಲು ನರಸೀಪುರದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ಶ್ರೀಕಂಠಯ್ಯ ಮೇಷ್ಟರಿಗೆ ರಾಜಮಹಾರಾಜರ ಸಿನಿಮಾ ಎಂದರೆ ಪ್ರಾಣ. ಟೆಂಟುಗಳಲ್ಲಿ ಓಡಿ ಸವೆದು, ಬೆಂಗಳೂರಿನ ಗೋದಾಮುಗಳಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಐತಿಹಾಸಿಕ ಚಿತ್ರಗಳ ರೀಲುಗಳನ್ನು ರಜೆ ಸಿಕ್ಕಾಗಲೆಲ್ಲ ಹೋಗಿ ಹೊತ್ತು ತರುತ್ತಿದ್ದರು. ಒಂದು ಪ್ರೊಜೆಕ್ಟರನ್ನೂ ಕೊಂಡಿದ್ದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಉಗ್ರಾಣದ ತುಂಬ ರೀಲಿನ ಡಬ್ಬಿಗಳೇ.

"ಉಪ್ಪಿನಕಾಯಿ ಜಾಡಿ ಇಡೋಕೂ ಜಾಗ ಇಲ್ಲ" ಎಂದು ಹೆಂಡತಿ ರಂಗನಾಯಕಿ ಗೊಣಗುತ್ತಿದ್ದರು. ಆದರೆ ಭಾನುವಾರ ಮಧ್ಯಾಹ್ನ ನಡುಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಇಳಿಬಿಡುತ್ತಿದ್ದವರೂ ಅವರೇ. ರೀಲನ್ನು ಮಾತ್ರ ಮೇಷ್ಟರಲ್ಲದೆ ಯಾರೂ ಮುಟ್ಟುವಂತಿರಲಿಲ್ಲ.

ಒಂದು ಭಾನುವಾರ, ಮುಡುಕುತೊರೆಯಿಂದ ಮೊಸರು ತರುತ್ತಿದ್ದ ಪುಟ್ಟಮಾದಮ್ಮ ಖಾಲಿ ಗಡಿಗೆಗಾಗಿ ಒಳಗೆ ಬಂದಳು. ಪಂಚೆಯ ಮೇಲೆ ಮರಳು ದಿಬ್ಬದಲ್ಲಿ ಯುದ್ಧ ನಡೆದಿತ್ತು.

"ಅಗೋ! ಅಗೋ ಕಣ್ರವ್ವ, ನಮ್ಮನ್ಯೋರು!"

ಮೂವತ್ತು ವರ್ಷದ ಹಿಂದೆ ಸಿನಿಮಾದವರು ಮುಡುಕುತೊರೆಯ ಹೊಳೆದಂಡೆಗೆ ಬಂದು, ಊರಿನ ಗಂಡಸರಿಗೆಲ್ಲ ಸಿಪಾಯಿ ವೇಷ ಹಾಕಿಸಿದ್ದರು. ಪರದೆಯ ಮೇಲೆ ತಾನೂ ಕಾಣುತ್ತೇನೆಂದು ಅವಳ ಗಂಡ ಕರಿಯಯ್ಯ ಸಾಯುವವರೆಗೂ ಹೇಳಿಕೊಂಡಿದ್ದ, ಯಾರೂ ನಂಬಿರಲಿಲ್ಲ. ಅವನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಮೇಷ್ಟರು ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟರು. ಹಿಂದಿನ ಸಾಲಿನಲ್ಲಿ ಎಡಗೈಲಿ ಈಟಿ ಹಿಡಿದ ಸಿಪಾಯಿಯೊಬ್ಬ ಏಟು ತಿಂದ. ಬೀಳುವ ಮೊದಲು ತಿರುಗಿ ಮರಳನ್ನು ಕಾಲಲ್ಲಿ ಸವರಿ ಹಸನು ಮಾಡಿ, ಆಮೇಲೆ ಸತ್ತ. ಪುಟ್ಟಮಾದಮ್ಮ ಬಿದ್ದು ಬಿದ್ದು ನಕ್ಕಳು.

"ಮನೇಲೂ ಇಂಗೇಯ! ಚಾಪೆ ಕೊಡವಿದ್ಮೇಲೇನೇ ಮಲಗೋರು."

ನಗು ಇದ್ದಕ್ಕಿದ್ದಂತೆ ನಿಂತಿತು. ಸೆರಗು ಬಾಯಿಗೆ ಒತ್ತಿಕೊಂಡು, "ಇನ್ನೊಂದ್ಸಾರಿ ಓಡ್ಸಿ ಮೇಷ್ಟ್ರೇ" ಎಂದಳು. ಓಡಿಸಿದರು. ಹಳೆಯ ರೀಲು, ಈ ಸಲ ಅದೇ ಜಾಗದಲ್ಲಿ ಪಟ್ಟೆಂದು ಹರಿಯಿತು.

"ಅಯ್ಯೋ, ನನ್ನಿಂದ ಆಳಾಯ್ತಲ್ಲ!" ಎಂದು ಅವಳು ಹೌಹಾರಿದಳು. ಮೇಷ್ಟರು ಕೂಗಾಡುತ್ತಾರೆಂದು ರಂಗನಾಯಕಿ ಎದ್ದು ನಿಂತರು. ಮೇಷ್ಟರು ಕೂಗಾಡಲಿಲ್ಲ. ಹರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಂಟಿಸಲು ಚೂರೇ ಚೂರು ಕತ್ತರಿಸಿದರೆ ಸಾಕಿತ್ತು. ಆದರೆ ಅವರು ಕರಿಯಯ್ಯ ನಿಂತಿದ್ದ ಅಷ್ಟನ್ನೂ ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಟಿಸಿ, ಆ ತುಂಡನ್ನು ಫೋಟೋ ಸ್ಟುಡಿಯೋಗೆ ಕೊಟ್ಟರು.

ದೊಡ್ಡದು ಮಾಡಿಸಿದ ಫೋಟೋದಲ್ಲಿ ಮುಖ ಮಸಿ ಒರೆಸಿದಂತಿತ್ತು. "ಸರಿಯಾಗಿ ಬರಲಿಲ್ಲ ಕಣಮ್ಮ" ಎಂದು ಮೇಷ್ಟರು ಸಂಕೋಚಪಟ್ಟರು.

"ಇರ್ಲಿ ಬುಡಿ. ಕಣ್ಣು ಮೂಗು ನಂಗೊತ್ತದೆ" ಎಂದು ಅವಳು ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಸುದ್ದಿ ಮುಡುಕುತೊರೆಗೆ ಹಬ್ಬಿತು. ಭಾನುವಾರದ ಬಸ್ಸಿಗೆ ಜನ ಬರತೊಡಗಿದರು. ಅಪ್ಪನನ್ನು, ಮಾವನನ್ನು, ಒಬ್ಬಾತ ತನ್ನನ್ನೇ ಹುಡುಕಿಕೊಂಡು. ಅದುವರೆಗೆ ರಾಜನನ್ನಷ್ಟೇ ನೋಡುತ್ತಿದ್ದ ಮೇಷ್ಟರು ಈಗ ಯುದ್ಧ ಬಂದೊಡನೆ, "ಆ ಬಲಗಡೆಯವನು ಯಾರು?" ಎಂದು ಕೇಳುತ್ತಿದ್ದರು. ಕೆಲವು ವರ್ಷಗಳಲ್ಲಿ ಆ ರೀಲು ಸೊಟ್ಟಗಾಗಿ, ಪ್ರೊಜೆಕ್ಟರಿಗೆ ಕೂರದಂತಾಯಿತು. ಅಷ್ಟರಲ್ಲಿ ದಂಡಿನವರಿಗೆಲ್ಲ ಹೆಸರು ಸಿಕ್ಕಿತ್ತು. ಕುದುರೆ ಮೇಲಿದ್ದ ಒಬ್ಬನ ವಿಷಯಕ್ಕೆ ಮಾತ್ರ, ಅವನು ತಮ್ಮವನೇ ಎಂದು ಎರಡು ಮನೆಯವರು ಜಗಳವಾಡುತ್ತಿದ್ದರು. ರಂಗನಾಯಕಿ ಇಬ್ಬರಿಗೂ ಕಾಫಿ ಕೊಟ್ಟು ಕಳಿಸುತ್ತಿದ್ದರು.