ತನ್ನ ತಿಥಿಯ ವಡೆ ತಿಂದ ಸಿಪಾಯಿ

ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಕೊಪ್ಪದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಹಳೆಯ ವಿದ್ಯಾರ್ಥಿ ಪ್ರದೀಪ ಒಂದು ಕೆಲಸ ತಂದ. ಎರಡನೆಯ ಮಹಾಯುದ್ಧಕ್ಕೆ ಅವನ ಅಜ್ಜ ತಿಮ್ಮಪ್ಪನ ಜೊತೆ ಮೇಗುಂದದ ಕಡೆಯಿಂದ ಇನ್ನೂ ಮೂವರು ಬರ್ಮಾಕ್ಕೆ ಹೋಗಿದ್ದರು. ಊರಿಗೆ ಮರಳಿದ್ದು ಅಜ್ಜ ಒಬ್ಬನೇ. ಉಳಿದವರು ಏನಾದರೆಂದು ಪತ್ತೆ ಮಾಡಿ, ನೀವು ಹೇಳಿದ್ದನ್ನೇ ಸ್ಮಾರಕದ ಕಲ್ಲಿನಲ್ಲಿ ಕೆತ್ತಿಸುತ್ತೇನೆ ಎಂದ.

ಇಂಥ ಹುಡುಕಾಟಕ್ಕೆ ಯುದ್ಧಸ್ಮಶಾನದ ದಾಖಲೆ ಬೇಕು. ಅದಿಲ್ಲದಿದ್ದರೆ ಕೊನೆಯ ಸಲ ನೋಡಿದವರ ಸಾಕ್ಷ್ಯ. ಇಬ್ಬರ ಹೆಸರು ದಾಖಲೆಯಲ್ಲಿ ಸಿಕ್ಕಿತು. ಮೂರನೆಯವನು ಶೇಷಪ್ಪ. ಅವನ ಬಗ್ಗೆ ಇದ್ದದ್ದು ತಿಮ್ಮಪ್ಪನ ಮಾತೊಂದೇ: ನನ್ನ ತೊಡೆಯ ಮೇಲೇ ಪ್ರಾಣ ಬಿಟ್ಟ. ಅದನ್ನು ನಂಬಿ ಶೇಷಪ್ಪನ ಅಣ್ಣ ತಿಥಿ ಶುರು ಮಾಡಿದ್ದ, ಹೆಂಡತಿಗೆ ಬೇರೆ ಮದುವೆಯಾಗಿತ್ತು.

ವಿಚಾರಿಸುತ್ತ ಹೋದಾಗ, ನರಸಿಂಹರಾಜಪುರದಲ್ಲಿ ಆ ಹೆಸರಿನ ಮಾಜಿ ಸಿಪಾಯಿಯೊಬ್ಬ ಸೈಕಲ್ ಅಂಗಡಿ ಇಟ್ಟಿದ್ದನೆಂದು ತಿಳಿಯಿತು. ಪ್ರದೀಪನ ಜೀಪಿನಲ್ಲಿ ಹೋದೆವು. ಶೇಷಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಗಿರಿಜಮ್ಮ ಕಾಫಿ ಕೊಟ್ಟರು.

"ಅಪ್ಪನ ಕಾಲಿಗೆ ಗುಂಡು ಬಿದ್ದಿತ್ತು. ತಿಮ್ಮಪ್ಪ ನೀರು ತರ್ತೇನೆ ಅಂತ ಹೋದವ ಬರಲೇ ಇಲ್ಲ."

ಶೇಷಪ್ಪ ಸೆರೆಸಿಕ್ಕಿ, ಯುದ್ಧ ಮುಗಿದ ಮೇಲೆ ಬಂದಿದ್ದ. ಕೊಪ್ಪ ತಲುಪುವಾಗಲೇ ತನ್ನ ತಿಥಿಯ ಸುದ್ದಿ, ಹೆಂಡತಿಯ ಸುದ್ದಿ ಎರಡೂ ಕಿವಿಗೆ ಬಿದ್ದವು. ಅಲ್ಲಿಂದಲೇ ತಿರುಗಿದ. ಆಮೇಲೆ ಪ್ರತಿವರ್ಷ ಆ ದಿನ ಎರಡನೆಯ ಹೆಂಡತಿಗೆ, "ಇವತ್ತು ಮೇಗುಂದದಲ್ಲಿ ನನ್ನ ತಿಥಿ ಮಾರಾಯ್ತಿ, ವಡೆ ಹಾಕು. ಕಾಗೆಗಿಂತ ಮೊದಲು ನಾನೇ ತಿಂತೇನೆ" ಎನ್ನುತ್ತಿದ್ದನಂತೆ.

ಹೇಳುವಾಗ ಗಿರಿಜಮ್ಮ ನಕ್ಕರು. ನಾವು ಹೊರಟಾಗ ನಗಲಿಲ್ಲ. "ಕಲ್ಲಿನ ಮೇಲೆ ಯುದ್ಧದಲ್ಲಿ ಸತ್ತವರ ಸಾಲಿಗೆ ಅಪ್ಪನ್ನ ಸೇರಿಸಬೇಡಿ ಮೇಡಂ. ಬದುಕಿದ್ದಾಗಲೇ ಸಾಯಿಸಿದ್ದು ಸಾಕು."

ಆಗಲಿ ಎಂದು ಮಾತು ಕೊಟ್ಟೆ.

ಕೊಪ್ಪದ ದಾರಿಯ ಕಾಡು ಬಂದಾಗ ಕತ್ತಲಾಗುತ್ತಿತ್ತು. ಪ್ರದೀಪ ಜೀಪಿನ ವೇಗ ತಗ್ಗಿಸಿದ. "ಕಲ್ಲು ಕೆತ್ತಿ ಆಗಿದೆ ಮೇಡಂ. ಸತ್ತ ಅಂತಲೇ ಬರೀರಿ. ಇಲ್ಲದಿದ್ರೆ ಊರಲ್ಲಿ ಅಜ್ಜನ ಮಾತು ಸುಳ್ಳಾಗ್ತದೆ."

"ಈಗಷ್ಟೇ ಅವನ ಮಗಳ ಕೈಯಲ್ಲಿ ಕಾಫಿ ಕುಡಿದೆಯಲ್ಲ ಮಾರಾಯ."

ಸ್ವಲ್ಪ ಮುಂದೆ ಅವನು ಜೀಪು ನಿಲ್ಲಿಸಿ, ಹಿಂದಿನ ಟೈರು ಕೂತಿದೆಯಾ ನೋಡಿ ಎಂದ. ಇಳಿದೆ. ನನ್ನ ಬ್ಯಾಗು, ಫೋನು ಒಳಗಿರುವಂತೆಯೇ ಜೀಪು ಹೊರಟಿತು. ತಿರುವಿನಲ್ಲಿ ಕೆಂಪು ದೀಪ ಮರೆಯಾಗುವವರೆಗೂ ತಮಾಷೆಯೆಂದೇ ತಿಳಿದಿದ್ದೆ.

ಬಿದಿರು ಮುರಿಯುವ ಸದ್ದು ಕೇಳಿತು. ರಸ್ತೆಯಡಿಯ ಮೋರಿಯೊಳಗೆ ತೂರಿಕೊಂಡೆ. ಆನೆ ಮೋರಿಯ ಬಾಯಿಯಲ್ಲೇ ನಿಂತಿತು. ಅದರ ಹೊಟ್ಟೆಯ ಗುಡುಗುಡು ಈಗಲೂ ನಿದ್ದೆಯಲ್ಲಿ ಕೇಳಿಸುತ್ತದೆ. ಅದು ದಾಟಿಹೋದ ಮೇಲೆ ಬಂದ ಲಾರಿಯವರು ಮನೆ ಮುಟ್ಟಿಸಿದರು.

ಮನೆಯಲ್ಲಿ ಯಜಮಾನರು ಆರಾಮಾಗಿ ಊಟಕ್ಕೆ ಕೂತಿದ್ದರು. ಪ್ರದೀಪ ಬಂದು ಬ್ಯಾಗು ಕೊಟ್ಟು, "ಇನ್ನೊಬ್ಬರನ್ನು ನೋಡಿ ಬಸ್ಸಿಗೆ ಬರ್ತೇನೆ ಅಂತ ಮೇಡಂ ತಾವೇ ಇಳಿದರು" ಎಂದು ಹೇಳಿ ಹೋಗಿದ್ದ.

ಶೇಷಪ್ಪ ಬದುಕಿ ಬಂದಿದ್ದ ಎಂದು ಬರೆದ ನನ್ನ ವರದಿಯನ್ನು ಗಿರಿಜಮ್ಮನ ಕೈಗೆ ಕೊಟ್ಟೆ. ಕಲ್ಲು ಮೂರು ಹೆಸರು ಹೊತ್ತುಕೊಂಡೇ ಮೇಗುಂದದಲ್ಲಿ ನಿಂತಿದೆ.

ಕೊನೆಯ ಸಲ ನೋಡಿದವನ ಸಾಕ್ಷ್ಯ ಸಿಕ್ಕರೆ ಈಗ ಮೊದಲು ಕೇಳುವ ಪ್ರಶ್ನೆ, ಇವನು ಒಬ್ಬನೇ ಯಾಕೆ ಬಂದ ಎಂಬುದು. ಅಂದು ಮೇಗುಂದದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಮ್ಮ ಮನೆಯಲ್ಲೂ ಕೇಳಿರಲಿಲ್ಲ.