ಪಡಸಾಲೆಯ ಪಾಠ

ಸರ್ವಮಂಗಳ ತನ್ನ ಏಳು ವರ್ಷದ ಮಗಳು ಧನ್ಯಾಳನ್ನು ಶಿಕಾರಿಪುರದ ಶಾಲೆಯಿಂದ ಬಿಡಿಸಿದ್ದು ತೊಂಬತ್ತಾರರಲ್ಲಿ. ಮಗುವಿನ ಕಿವಿ ಸರಿಯಾಗಿಯೇ ಇತ್ತು, ಕೇಳಿದ ಮಾತು ಮಾತ್ರ ಒಳಗೆ ಹೋಗಿ ಕಲಸುಮೇಲೋಗರವಾಗುತ್ತಿತ್ತು. "ಮನೇಲೇ ಕಲ್ಸಿ. ಚಿತ್ರ ತೋರ್ಸಿ, ನಿಮ್ಮ ತುಟಿ ಕಾಣೋ ಹಾಗೆ ಮಾತಾಡಿ" ಎಂದಿದ್ದರು ಶಿವಮೊಗ್ಗದ ಡಾಕ್ಟರು.

ಯಾವ ಪುಸ್ತಕ ಎಂಬುದಕ್ಕೆ ಮನೆಯಲ್ಲಿ ತಿಂಗಳುಗಟ್ಟಲೆ ಜಗ್ಗಾಟ ನಡೆಯಿತು. ಮಗ್ಗಿ, ವಚನ ಎಲ್ಲ ಬಾಯಿಪಾಠವೇ ಆಗಬೇಕೆಂದು ಮಾವ ಚನ್ನವೀರಪ್ಪನವರ ಹಟ. ಸರ್ವಮಂಗಳ ಜಡೆ ಎಂಬ ಊರಿನ ತನ್ನ ತವರಿನಿಂದ ತಂದ ಚಿತ್ರದ ಪುಸ್ತಕವನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಮುದುಕರೇ ಸೋತರು.

"ಆತು ಬಿಡವ್ವ, ನಿನ್ ಪುಸ್ತಕಾನೇ ಇರ್ಲಿ. ಆದ್ರೆ ಪಾಠ ಪಡಸಾಲೇಲಿ, ನನ್ನ ಕಣ್ಣೆದುರಿಗೇ ಆಗ್ಬೇಕು."

ಗೆದ್ದೆನೆಂದುಕೊಂಡ ಗಳಿಗೆಯಲ್ಲೇ ಅವಳು ಇಕ್ಕಟ್ಟಿಗೆ ಸಿಕ್ಕಿಬಿದ್ದಳು. ಆ ಮನೆಯ ಸೊಸೆಯರು ಮಾವನೆದುರು ಬಾಯಿಗೆ ಸೆರಗು ಅಡ್ಡ ಹಿಡಿಯದೆ ಮಾತಾಡಿದವರೇ ಅಲ್ಲ. ಆ ಸೆರಗು ಬೇಡ ಎನ್ನುವುದನ್ನೂ ಸೆರಗಿನ ಮರೆಯಿಂದಲೇ ಹೇಳಬೇಕು! ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ದಿನವೂ ಚಿತ್ರದ ಮೇಲೆ ಬೆರಳಿಟ್ಟು ಸೆರಗಿನೊಳಗಿಂದ "ಆಕಳು" ಎನ್ನುವಳು. ಮಗಳು ಚಿತ್ರ ಬಿಟ್ಟು ತಾಯಿಯ ತುಟಿ ಹುಡುಕುವಳು. ಮಾವ ಎಲೆಯಡಿಕೆ ಮೆಲ್ಲುತ್ತ, ಕದಲದೆ ಕೂತಿರುವರು.

ದೀಪಾವಳಿಯ ಹೊತ್ತಿಗೆ ಅವರೇ ಮೊಮ್ಮಗಳನ್ನು ಕರೆದು ಆಕಳ ಚಿತ್ರ ತೋರಿಸಿದರು. "ಇದೇನು ಪುಟ್ಟಿ?"

ಧನ್ಯಾ ಒಮ್ಮೆ ತಾಯಿಯತ್ತ ನೋಡಿದಳು. ಆಮೇಲೆ ಲಂಗದ ಅಂಚನ್ನೆತ್ತಿ ಬಾಯಿಗೆ ಅಡ್ಡ ಹಿಡಿದು, ಅದರೊಳಗೇ ಏನೋ ಗೊಣಗಿದಳು.

ಮಾವನ ಮುಖ ಅರಳಿತು. "ನೋಡ್ದೇನವ್ವ, ಈಗ್ಲೇ ಎಂಥಾ ಮರ್ಯಾದೆ ಕಲ್ತೈತೆ ಕೂಸು!"